ಹ್ಯಾಂಡ್‌ಬಿಲ್ಲಿನ ನಾಯಕಿ ನಮ್ಮಜ್ಜಿಯೇ?

ಪ್ರಶ್ನೆ: ನಮ್ಮದು ಉತ್ತರ ಕರ್ನಾಟಕದಲ್ಲಿ ಊರೂರು ತಿರುಗಿದ, ಮೂರು ತಲೆಮಾರಿನ ಕಂಪನಿ ನಾಟಕದ ಮನೆ. ಮುತ್ತಜ್ಜ ಹಾರ್ಮೋನಿಯಂ ಮಾಸ್ತರು, ಮುತ್ತಜ್ಜಿ ಮತ್ತು ಅಜ್ಜಿ ಇಬ್ಬರೂ ನಟಿಯರು. ಅಜ್ಜಿ ಇದ್ದಾರೆ. ಆಧಾರ್ ಪ್ರಕಾರ ಹುಟ್ಟಿದ್ದು 1942. ಅವರ ಜೀವನಚರಿತ್ರೆ ಬರೆಯಲು ಹೊರಟಿದ್ದೇನೆ. ಟ್ರಂಕಿನಲ್ಲಿ ಒಂದು ಹ್ಯಾಂಡ್‌ಬಿಲ್ ಸಿಕ್ಕಿತು: "ಮೊಕ್ಕಾಂ ಬನಶಂಕರಿ ಜಾತ್ರೆ, ತಾ. 14ನೇ ಜನವರಿ ಶನಿವಾರ ರಾತ್ರಿ 9-30ಕ್ಕೆ, ನೆಲ 4 ಆಣೆ, ಬೆಂಚು 8 ಆಣೆ, ಕುರ್ಚಿ 1 ರೂ." ಇಸವಿ ಇಲ್ಲ. "ಕಿಸ್ಮತ್ ಧಾಟಿಯ ಹಾಡುಗಳು" ಎಂದೂ ಇದೆ. ದಪ್ಪಕ್ಷರದಲ್ಲಿ "ಮಿಸ್" ಸೇರಿಸಿ ನಾಯಕಿಯ ಹೆಸರು. ಅದು ಅಜ್ಜಿಯ ಹೆಸರೇ. ಕೆಳಗೆ "ಬೇಬಿ" ಯಾರದೋ ನೃತ್ಯ ಎಂದಿದೆ, ಹೆಸರು ಮಡಿಕೆಯಲ್ಲಿ ಹರಿದಿದೆ. ನಾಯಕಿ ಅಜ್ಜಿಯೇ, ಅವಳು ಗುಬ್ಬಿ ಕಂಪನಿಯಲ್ಲಿದ್ದಳು, ರಾಜಕುಮಾರ್ ಜೊತೆ ಸಿನಿಮಾ ಮಾಡಿದ್ದಳು ಎಂದು ಸೋದರಮಾವ ಹೇಳುತ್ತಾರೆ. "ಆದರೆ ಮನೆತನದ ಮೂಲ ಬರೀಬೇಡ" ಎಂದು ಗದರುತ್ತಾರೆ. ಮುತ್ತಜ್ಜಿಗೆ ಒಬ್ಬ ಅಕ್ಕ ಇದ್ದರಂತೆ, ಆ ಕವಲಿನ ಸುದ್ದಿ ಯಾರೂ ಎತ್ತುವುದಿಲ್ಲ. ಮೂರು ಗ್ರಾಮಫೋನ್ ಪ್ಲೇಟು, ಗಾಜಿಗೆ ಅಂಟಿಕೊಂಡ ಒಂದು ಫೋಟೋ ಇವೆ. ಯಾವುದನ್ನು ನಂಬಲಿ, ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ನಾಲ್ಕು ಗಂಟುಗಳಿವೆ: ಇಸವಿ, ಹೆಸರು, ಖ್ಯಾತಿಯ ಮಾತು, ಮನೆತನದ ಸಂಕೋಚ. ಇವುಗಳಲ್ಲಿ ಹೆಸರಿನ ಗಂಟೇ ಮುಖ್ಯ. ಕಲಾವಿದರ ಮನೆಗಳಲ್ಲಿ ಅಕ್ಕ, ತಂಗಿ, ಚಿಕ್ಕಮ್ಮ, ಮಗಳು ಎಲ್ಲರೂ ಬಣ್ಣ ಹಚ್ಚಿದವರೇ. ಐವತ್ತು ವರ್ಷ ಕಳೆದ ಮೇಲೆ ಅವರೆಲ್ಲರ ಪಾತ್ರ, ಪದಕ, ಫೋಟೋ ಒಬ್ಬಳೇ ಅಜ್ಜಿಯ ಹೆಸರಿಗೆ ಬಂದು ಸೇರುತ್ತವೆ. ಯಾರೂ ಸುಳ್ಳು ಹೇಳಿರುವುದಿಲ್ಲ. ಬದುಕಿ ಉಳಿದವರ ಖಾತೆಗೆ ತೀರಿಹೋದವರ ಲೆಕ್ಕವೂ ಜಮಾ ಆಗಿರುತ್ತದೆ, ಅಷ್ಟೆ. ಆದ್ದರಿಂದ ಮೊದಲು ಹೆಂಗಸರನ್ನು ಬೇರೆ ಬೇರೆ ಮಾಡಿ, ಆಮೇಲೆ ಚರಿತ್ರೆ ಬರೆಯಿರಿ.

ಹ್ಯಾಂಡ್‌ಬಿಲ್ಲಿನಿಂದ ಶುರು ಮಾಡೋಣ. ಕಂಪನಿಯವರು ಇಸವಿ ಹಾಕುತ್ತಿರಲಿಲ್ಲ, ಏಕೆಂದರೆ ಆ ಕಾಗದದ ಆಯುಸ್ಸು ಎರಡು ದಿನ. ಆದರೆ ವಾರ ಮತ್ತು ತಾರೀಖು ಜೊತೆಗಿದ್ದರೆ ಇಸವಿ ಹಿಡಿಯಬಹುದು. ಒಂದೇ ತಾರೀಖು ಒಂದೇ ವಾರಕ್ಕೆ ಬರುವುದು 5, 6 ಅಥವಾ 11 ವರ್ಷಕ್ಕೊಮ್ಮೆ. ಜನವರಿ 14 ಶನಿವಾರ ಬಿದ್ದದ್ದು 1939, 1950, 1956, 1961ರಲ್ಲಿ. ನಿಮಗೆ ಬೇಕಾದ ಕಾಲಕ್ಕೆ ಈ ನಾಲ್ಕೇ ಇಸವಿ.

ಇನ್ನು ಜಾತ್ರೆ. ಬಾದಾಮಿ ಹತ್ತಿರದ ಬನಶಂಕರಿಯ ತೇರು ಬನದ ಹುಣ್ಣಿಮೆಗೆ, ಅಂದರೆ ಪುಷ್ಯ ಮಾಸದ ಹುಣ್ಣಿಮೆಗೆ. ತೇರಿನ ನಂತರ ತಿಂಗಳೊಪ್ಪತ್ತು ನಾಟಕಗಳು ನಡೆಯುತ್ತವೆ. ಆ ಹುಣ್ಣಿಮೆ 1939ರಲ್ಲಿ ಜನವರಿ 5ರ ಸುಮಾರಿಗೆ, 1950ರಲ್ಲಿ 4ರ ಸುಮಾರಿಗೆ, 1961ರಲ್ಲಿ 1ರ ಸುಮಾರಿಗೆ ಬಂದಿತ್ತು. 1956ರಲ್ಲಿ ಮಾತ್ರ ಅದು ಜನವರಿ 27ರ ಹೊತ್ತಿಗೆ. ತೇರಿಗೆ ಎರಡು ವಾರ ಮೊದಲೇ ಯಾವ ಮಾಲೀಕರೂ ಜಾತ್ರೆಯ ಕ್ಯಾಂಪಿನಲ್ಲಿ ದೀಪ ಹಚ್ಚಿ ನಷ್ಟ ಮಾಡಿಕೊಳ್ಳುವುದಿಲ್ಲ. ಹಾಗಾಗಿ 1956 ಬಿಡಿ.

ಮುಂದೆ "ಕಿಸ್ಮತ್ ಧಾಟಿ". ಆ ಹಿಂದಿ ಚಿತ್ರ ಬಂದದ್ದು 1943ರಲ್ಲಿ. ಅದರಲ್ಲಿ ಹಾಡಿದವರು ಅಮೀರ್‌ಬಾಯಿ ಕರ್ನಾಟಕಿ, ಬಾದಾಮಿ ಪಕ್ಕದ ಬೀಳಗಿಯವರು. ಆ ಹಾಡುಗಳ ಧಾಟಿಗೆ ಕನ್ನಡ ಪದ ಕೂಡಿಸಿ ರಂಗದ ಮೇಲೆ ಹಾಡಿಸಿದರೆ ಬಾದಾಮಿ ಸೀಮೆಯ ಜನ ಒನ್ಸ್ ಮೋರ್ ಎನ್ನದೆ ಇರುತ್ತಾರೆಯೇ? ಅಂತೂ ಆ ಒಂದು ಸಾಲಿನಿಂದ 1939 ಹೋಯಿತು.

ಉಳಿದದ್ದು 1950 ಮತ್ತು 1961. ಇಲ್ಲಿ ಆತುರ ಬೇಡ, ನಿಮ್ಮ ಮಾವನ ಮಾತು ನಿಂತಿರುವುದೇ ಇಲ್ಲಿ. 1961 ಆದರೆ ಅಜ್ಜಿಗೆ ಹದಿನೆಂಟು ಹತ್ತೊಂಬತ್ತು, ನಾಯಕಿಯ ವಯಸ್ಸು ಸರಿಯಾಗಿ ಕೂಡುತ್ತದೆ. 1950 ಆದರೆ ಏಳೆಂಟು ವರ್ಷದ ಹುಡುಗಿ. ತೀರ್ಮಾನಕ್ಕೆ ನೆರವಾಗುವುದು ಆಣೆ. 1957ರ ಏಪ್ರಿಲ್ 1ರಿಂದ ದಶಮಾಂಶ ನಾಣ್ಯ ಬಂತು, ನಾಲ್ಕಾಣೆ 25 ನಯೇ ಪೈಸೆ ಆಯಿತು. ಜನರ ಬಾಯಲ್ಲಿ ನಾಲ್ಕಾಣೆ, ಎಂಟಾಣೆ ಇನ್ನೂ ದಶಕಗಟ್ಟಲೆ ಉಳಿಯಿತು, ನಿಜ. ಆದರೆ ಅಚ್ಚಿನಲ್ಲಿ "ನ.ಪೈ." ಬೇಗ ಬಂತು, ಟಿಕೆಟ್ ದರವೆಂದರೆ ಕರದ ಲೆಕ್ಕ ಅದರ ಹಿಂದೆ ಇರುತ್ತಿತ್ತು. ಜೊತೆಗೆ, ಹದಿನೆಂಟು ವರ್ಷ ಹಳೆಯ ಸಿನಿಮಾದ ಧಾಟಿಯನ್ನು 1961ರಲ್ಲಿ ಆಕರ್ಷಣೆಯೆಂದು ಯಾರೂ ಅಚ್ಚು ಹಾಕಿಸುವುದಿಲ್ಲ. ಆಗ ಹೊಸ ಹಾಡುಗಳಿಗೇನು ಬರವಿತ್ತೇ? ನನ್ನ ಒಲವು 1950ರ ಕಡೆಗೆ. ಆದರೂ ಪುಸ್ತಕದಲ್ಲಿ "1950 ಇರಬೇಕು" ಎಂದೇ ಬರೆಯಿರಿ. ಇನ್ನೊಂದು ಸಾಕ್ಷಿ ಸಿಗುವ ತನಕ "ಇರಬೇಕು" ಅಳಿಸಬೇಡಿ.

ಆ ಇನ್ನೊಂದು ಸಾಕ್ಷಿ ಹ್ಯಾಂಡ್‌ಬಿಲ್ಲಿನ ತೀರಾ ತಳದಲ್ಲೇ ಇರಬಹುದು. ಮುದ್ರಕರ ಹೆಸರು, ಊರು ಹಾಕಲೇಬೇಕೆಂಬ ಕಾನೂನು 1867ರಿಂದಲೇ ಇತ್ತು. ಸಣ್ಣಕ್ಷರದ ಆ ಪ್ರೆಸ್ಸಿನ ಹೆಸರು ಓದಿ. ಅದೇ ಪ್ರೆಸ್ಸಿನ ಲಗ್ನಪತ್ರಿಕೆಗಳು ನಿಮ್ಮ ಊರಿನ ಟ್ರಂಕುಗಳಲ್ಲಿ ಇದ್ದೇ ಇರುತ್ತವೆ, ಅವುಗಳಲ್ಲಿ ಇಸವಿಯೋ ಸಂವತ್ಸರವೋ ಇರುತ್ತದೆ. ಸಂವತ್ಸರ ಸಿಕ್ಕರೆ ಲೆಕ್ಕ ಸುಲಭ: ಪ್ರಭವ 1927-28ರಲ್ಲಿ ಶುರು, ಸರ್ವಜಿತ್ 1947-48, ವಿಕಾರಿ 1959-60. ಯುಗಾದಿಯಿಂದ ಯುಗಾದಿಗೆ ಎಣಿಸಬೇಕು. ಜನವರಿಯ ತಾರೀಖಾದರೆ ಹಿಂದಿನ ಯುಗಾದಿಯ ಸಂವತ್ಸರವೇ ನಡೆಯುತ್ತಿರುತ್ತದೆ. ಇದನ್ನು ಮರೆತು ಒಂದು ವರ್ಷ ಆಚೀಚೆ ಮಾಡಿಕೊಳ್ಳುವವರೇ ಹೆಚ್ಚು. ಪ್ರೆಸ್ಸಿನ ಅಕ್ಷರದ ಮೊಳೆ, ಅಂಚಿನ ಬಳ್ಳಿ ಹೋಲಿಸಿ ನೋಡಿದರೆ ಹತ್ತು ವರ್ಷದ ಅಂತರ ಕಣ್ಣಿಗೆ ಕಾಣುತ್ತದೆ. ಪತ್ರಿಕೆಗಳಲ್ಲಿ ಹುಡುಕುವುದಾದರೆ ಹುಬ್ಬಳ್ಳಿಯ 'ಸಂಯುಕ್ತ ಕರ್ನಾಟಕ' ಮತ್ತು 1921ರಿಂದ ಬರುತ್ತಿದ್ದ 'ಕರ್ಮವೀರ' ಮೊದಲು ನೋಡಿ. ಜಾತ್ರೆಯ ವಾರಗಳನ್ನಷ್ಟೇ ನೋಡಿದರೆ ಸಾಕು. ಸರಕಾರಿ ಕಾಗದ ಹುಡುಕುವುದಾದರೆ ಒಂದು ನೆನಪಿರಲಿ: 1956ರ ನವೆಂಬರ್ 1ರ ತನಕ ಬಾದಾಮಿ ಇದ್ದದ್ದು ಮುಂಬಯಿ ರಾಜ್ಯದ ಬಿಜಾಪುರ ಜಿಲ್ಲೆಯಲ್ಲಿ. ಆ ಕಾಲದ ಪರವಾನಗಿಯ ಕಡತವನ್ನು ಬೆಂಗಳೂರಲ್ಲಿ ಹುಡುಕಿ ಸುಸ್ತಾಗಬೇಡಿ.

ಈಗ ಹೆಸರು. 1950 ಎಂದಾದರೆ ನಾಯಕಿ ಯಾರು? ಮೂರು ಸಾಧ್ಯತೆ. ಒಂದು, ಆಧಾರ್‌ನ 1942 ತಪ್ಪು, ಅಜ್ಜಿ ಹುಟ್ಟಿದ್ದು 1932ರ ಸುಮಾರು. ಕ್ಯಾಂಪಿನಿಂದ ಕ್ಯಾಂಪಿಗೆ ತಿರುಗಿದ ಕುಟುಂಬದವರ ಹುಟ್ಟಿದ ತಾರೀಖೆಂದರೆ ಕಾರ್ಡು ಮಾಡಿಸುವವರು ಅಂದಾಜಿಗೆ ಹಾಕಿದ್ದೇ ಹೆಚ್ಚು. ಇದನ್ನು ಅಜ್ಜಿಯ ಹಿರಿಯ ಮಗುವಿನ ಶಾಲಾ ದಾಖಲಾತಿಯಿಂದ ತಾಳೆ ನೋಡಬಹುದು. ಎರಡು, ನಾಯಕಿ ನಿಮ್ಮ ಮನೆಯವರೇ ಅಲ್ಲ, ಅದೇ ಹೆಸರಿನ ಬೇರೆಯವರು. ಕಂಪನಿಗಳಲ್ಲಿ ಒಂದೇ ಹೆಸರಿನವರು ಹಲವರಿರುತ್ತಿದ್ದರು, ಅದಕ್ಕೇ ಹೆಸರಿಗೆ ಊರು ಅಂಟಿಸುತ್ತಿದ್ದರು. ಅಮೀರ್‌ಬಾಯಿ, ಗೋಹರ್‌ಬಾಯಿ ಅಕ್ಕತಂಗಿಯರಿಗೆ ಮುಂಬಯಿಯಲ್ಲಿ ನಾಡಿನ ಹೆಸರೇ ಅಡ್ಡಹೆಸರಾಯಿತು. ಆದರೆ ಅಪರಿಚಿತಳ ಹ್ಯಾಂಡ್‌ಬಿಲ್ಲನ್ನು ಎಪ್ಪತ್ತು ವರ್ಷ ಟ್ರಂಕಿನಲ್ಲಿ ಯಾರು ಇಟ್ಟುಕೊಳ್ಳುತ್ತಾರೆ?

ಮೂರನೆಯದು ನನಗೆ ಹೆಚ್ಚು ಸರಿ ಕಾಣುತ್ತದೆ. ನಮ್ಮಲ್ಲಿ ಮನೆಯ ಹಿರಿಯಳೊಬ್ಬಳ ಹೆಸರು ಅಕ್ಕನ ಮಗಳಿಗೂ ಬರುತ್ತದೆ, ತಂಗಿಯ ಮಗಳಿಗೂ ಬರುತ್ತದೆ. ಮುತ್ತಜ್ಜಿಯ ಅಕ್ಕನಿಗೆ ಒಬ್ಬಳು ಮಗಳಿದ್ದು, ಅವಳಿಗೂ ನಿಮ್ಮ ಅಜ್ಜಿಗೂ ಒಂದೇ ಅಜ್ಜಿಯ ಹೆಸರು ಇಟ್ಟಿದ್ದರೆ, ದಪ್ಪಕ್ಷರದ "ಮಿಸ್" ಆಕೆ, ತಳದ ಹರಿದ "ಬೇಬಿ", ಅಂದರೆ ಬಾಲನಟಿ, ನಿಮ್ಮ ಅಜ್ಜಿ. "ಮಿಸ್" ನೋಡಿ ಮದುವೆಯಾಗದವಳು ಎಂದುಕೊಳ್ಳಬೇಡಿ, ಅದು ಹ್ಯಾಂಡ್‌ಬಿಲ್ಲಿನ ರೂಢಿ, ಮೂರು ಮಕ್ಕಳ ತಾಯಿಗೂ ಹಾಕುತ್ತಿದ್ದರು. ಹರಿದ ಜಾಗವನ್ನು ಕತ್ತಲ ಕೋಣೆಯಲ್ಲಿ ಒಂದೇ ಬದಿಯಿಂದ ಟಾರ್ಚ್ ಓರೆಯಾಗಿ ಹಿಡಿದು ಫೋಟೋ ತೆಗೆಯಿರಿ. ಅಚ್ಚಿನ ಮೊಳೆ ಕಾಗದವನ್ನು ಒತ್ತಿದ ಗುರುತು ಮಸಿ ಹೋದ ಮೇಲೂ ಉಳಿದಿರುತ್ತದೆ. ಹಿಂಬದಿಯನ್ನೂ ಹಾಗೆಯೇ ತೆಗೆಯಿರಿ, ಅಲ್ಲಿ ಅಕ್ಷರ ತಿರುಗುಮುರುಗಾಗಿ ಉಬ್ಬಿರುತ್ತದೆ. ಕಂಪ್ಯೂಟರಿನಲ್ಲಿ ಚಿತ್ರ ತಿರುಗಿಸಿದರೆ ಓದಬಹುದು. ಮೊದಲ ಅಕ್ಷರ, ಕೊನೆಯ ಒತ್ತು ಸಿಕ್ಕರೂ ಸಾಕು.

ಗುಬ್ಬಿ ಕಂಪನಿಯ ಮಾತಿಗೆ ಬಂದರೆ, ಹಳೆಯ ಕಲಾವಿದರ ಪ್ರತಿ ಮನೆಯಲ್ಲೂ ಇದು ಕೇಳಿಬರುತ್ತದೆ. 1884ರಲ್ಲಿ ಹುಟ್ಟಿದ, ಗುಬ್ಬಿ ವೀರಣ್ಣನವರ ಕೈಯಲ್ಲಿ ದೊಡ್ಡದಾದ ಆ ಕಂಪನಿಯ ಹೆಸರು ಎಷ್ಟು ಬೆಳೆಯಿತೆಂದರೆ, ಊರವರ ಬಾಯಲ್ಲಿ ದೊಡ್ಡ ಸೀನರಿ ಇದ್ದದ್ದೆಲ್ಲ ಗುಬ್ಬಿ ಕಂಪನಿಯೇ. ಇದ್ದಿರಬಹುದು, ಇಲ್ಲದಿರಬಹುದು. ಪರೀಕ್ಷೆ ಒಂದೇ: ಸಂಬಳದ ಕರಾರು, ಕಂಪನಿಯ ಹೆಸರಿರುವ ಗುಂಪು ಫೋಟೋ, ಇಲ್ಲವೇ ಆ ಕಂಪನಿಯ ಹ್ಯಾಂಡ್‌ಬಿಲ್ಲಿನಲ್ಲಿ ಹೆಸರು. ಛಾಪಾ ಕಾಗದದ ಕರಾರು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ತಾರೀಖು, ತಿಂಗಳ ಸಂಬಳ, ಮುಂಗಡ, ಬೆನಿಫಿಟ್ ನಾಟಕ (ಗಳಿಕೆ ಆ ಕಲಾವಿದರಿಗೇ ಸಲ್ಲುವ ಆಟ) ಎಷ್ಟು ಎಂಬುದೆಲ್ಲ ಅದರಲ್ಲಿರುತ್ತದೆ. ಉತ್ತರ ಕರ್ನಾಟಕದ ಕ್ಯಾಂಪುಗಳಲ್ಲೇ ಬದುಕಿದ ಮನೆ ನಿಮ್ಮದು, ಆದ್ದರಿಂದ ಆ ಕಡೆಯ ಕಂಪನಿಗಳನ್ನು ಮೊದಲು ವಿಚಾರಿಸಿ. ಏಣಗಿ ಬಾಳಪ್ಪನವರ ಕಲಾವೈಭವ ನಾಟ್ಯ ಸಂಘವಿತ್ತು, ದಾವಣಗೆರೆಯ ಚಿಂದೋಡಿ ಮನೆತನದ ಕೆ.ಬಿ.ಆರ್. ಕಂಪನಿಯಿತ್ತು. ಗುಬ್ಬಿಯಲ್ಲದ ಕಂಪನಿಯಲ್ಲಿ ನಟಿಸಿದರೆ ಅಜ್ಜಿಯ ಘನತೆಗೆ ಕುಂದೇನಿಲ್ಲ.

"ರಾಜಕುಮಾರ್ ಜೊತೆ" ಎಂಬ ಮಾತಿಗೆ ಮೂರು ಅರ್ಥವಿರುತ್ತದೆ: ಒಂದೇ ದೃಶ್ಯದಲ್ಲಿ, ಒಂದೇ ಚಿತ್ರದಲ್ಲಿ, ಅಥವಾ ಒಂದೇ ಕಂಪನಿಯಲ್ಲಿ. 1954ರ 'ಬೇಡರ ಕಣ್ಣಪ್ಪ'ದಲ್ಲಿ ನಾಯಕರಾಗುವ ಮುನ್ನ ಅವರೂ ಕಂಪನಿ ನಾಟಕದವರೇ, ಅವರ ತಂದೆಯೂ ರಂಗನಟರೇ. ಹಾಗಾಗಿ ಹಿರಿಯ ನಟಿಯೊಬ್ಬರು ಅವರೊಡನೆ ರಂಗದ ಮೇಲೆ ನಿಂತಿದ್ದರೆ ಅದು ಸಹಜ. ಸಿನಿಮಾ ಎಂದರೆ ಮಾತ್ರ ಚಿತ್ರದ ಹೆಸರು ಬೇಕು. ಹೆಸರು ಸಿಕ್ಕರೆ ಮೊದಲು ಆ ಕಾಲದಲ್ಲಿ ಟಾಕೀಸಿನ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕ ಹುಡುಕಿ, ಅದರ ಒಳಪುಟದಲ್ಲಿ ಪಾತ್ರವರ್ಗ ಇರುತ್ತದೆ. ಆಮೇಲೆ ಚಿತ್ರದ ಶೀರ್ಷಿಕೆಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿ. ಗುಂಪು ನೃತ್ಯದವರ, ಒಂದೆರಡು ಮಾತಿನ ಪಾತ್ರದವರ ಹೆಸರು ಎರಡರಲ್ಲೂ ಇರುವುದಿಲ್ಲ. ಆಗ ಮುಖ ಗುರುತಿಸುವುದೊಂದೇ ದಾರಿ. ಚಿತ್ರವನ್ನು ಅಜ್ಜಿಯ ಮುಂದೆ ಹಾಕಿ, ನೀವು ಏನೂ ಹೇಳದೆ ಕೂತುಕೊಳ್ಳಿ. ಪ್ರಿಂಟೇ ಉಳಿದಿಲ್ಲದ ಚಿತ್ರಗಳೂ ಬಹಳ: 1934ರ ಮಾರ್ಚ್ 3ರಂದು ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ'ವೇ ಉಳಿದಿಲ್ಲ. ಐವತ್ತರ ದಶಕದ ಆರಂಭದ ತನಕದ ರೀಲುಗಳು ಬೇಗ ಬೆಂಕಿ ಹಿಡಿಯುವ, ತಾನಾಗಿ ಕರಗುವ ನೈಟ್ರೇಟಿನವು. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾದದ್ದು 1964ರಲ್ಲಿ, ಅಷ್ಟರಲ್ಲಿ ಹೋದದ್ದು ಹೋಗಿತ್ತು. ಸಾಕ್ಷಿ ಸಿಗದಿದ್ದರೆ "ಮನೆಯವರು ಹೇಳುವಂತೆ" ಎಂದು ಬರೆಯಿರಿ. "ಮೊದಲ ನಟಿ", "ಏಕೈಕ ನಟಿ" ಎಂಬ ಬಿರುದುಗಳನ್ನಂತೂ ನಿಮ್ಮ ಪುಸ್ತಕದಲ್ಲಿ ಹಾಕಲೇಬೇಡಿ.

ಮನೆತನದ ಮೂಲದ ವಿಷಯ. ನಿಮ್ಮ ಮಾವ ಬಾಯಿಬಿಟ್ಟು ಹೇಳದಿದ್ದರೂ ಅವರ ಹೆದರಿಕೆ ಏನೆಂದು ಊಹಿಸಬಹುದು. ಕಂಪನಿ ನಾಟಕದ ಮೊದಲ ದಿನಗಳಲ್ಲಿ ಸ್ತ್ರೀಪಾತ್ರ ಗಂಡಸರದ್ದೇ. ಹೆಂಗಸರು ರಂಗಕ್ಕೆ ಬಂದಾಗ, ಚಿಕ್ಕಂದಿನಿಂದ ಹಾಡು ಕುಣಿತ ಕಲಿತವರು ಬೇಕಾಗಿದ್ದರು. ಅಂಥ ಕಲಿಕೆ ಹೆಣ್ಣುಮಕ್ಕಳಿಗೆ ಸಿಗುತ್ತಿದ್ದುದು ಹೆಚ್ಚಾಗಿ ಹಾಡು ಕುಣಿತವೇ ಕುಲಕಸುಬಾದ ಕಲಾವಂತ ಮನೆಗಳಲ್ಲಿ, ದೇವಸ್ಥಾನಕ್ಕೆ ಬಿಟ್ಟವರ ಮನೆಗಳಲ್ಲಿ. ಇದು ಸತ್ಯ. "ಕಂಪನಿ ನಟಿ ಎಂದರೆ ಎಲ್ಲರೂ ಆ ಮೂಲದವರೇ" ಎಂಬುದು ಸುಳ್ಳು. ಮಾಲೀಕರ ಹೆಂಡತಿ ಮಕ್ಕಳು, ಮಾಸ್ತರರ ಮಕ್ಕಳು, ಬರಗಾಲಕ್ಕೆ ಊರು ಬಿಟ್ಟವರು, ಹೀಗೆ ಎಲ್ಲ ಕಡೆಯಿಂದ ಬಂದರು. ಆಮೇಲೆ ಕಂಪನಿಯೊಳಗೇ ಕೊಡು-ಕೊಳ್ಳುವುದು ಬೆಳೆದು ಕಲಾವಿದರ ಮನೆತನಗಳೇ ಆದವು. ಗುಬ್ಬಿ ವೀರಣ್ಣನವರ ಮನೆಯನ್ನೇ ನೋಡಿ: ಪತ್ನಿ ಬಿ. ಜಯಮ್ಮ ರಂಗದಲ್ಲೂ ಸಿನಿಮಾದಲ್ಲೂ ಹೆಸರಾದರು. ವೀರಣ್ಣನವರ ಮಗಳು ಮಾಲತಮ್ಮ, ಅವರ ಮಗಳು ಬಿ. ಜಯಶ್ರೀ 1976ರಲ್ಲಿ 'ಸ್ಪಂದನ' ಕಟ್ಟಿದರು, 2010ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು, 2013ರಲ್ಲಿ ಪದ್ಮಶ್ರೀ ಪಡೆದರು. ಅಂಥ ಮನೆಗಳಲ್ಲಿ ಯಾರು ಯಾರ ಮಗಳು ಎಂಬುದು ದಾಖಲಾಗಿದೆ. ನಿಮ್ಮಂಥ ಮನೆಗಳಲ್ಲಿ ಆಗಿಲ್ಲ, ಅಷ್ಟೇ ವ್ಯತ್ಯಾಸ.

ಹೆಸರಿನ ಕೊನೆಯ "ಬಾಯಿ" ನೋಡಿ ಮೂಲ ತೀರ್ಮಾನಿಸಬೇಡಿ. ನಿಮ್ಮ ಸೀಮೆಯಲ್ಲಿ ಎಲ್ಲ ಜಾತಿಯ ಹೆಂಗಸರಿಗೂ ಅದು ಇದೆ. ತಾಯಿಯ ಹೆಸರು ಇನಿಷಿಯಲ್ ಆಗಿದ್ದರೆ ಅದೊಂದು ಸುಳಿವು, ರುಜುವಾತಲ್ಲ.

ನಿಮ್ಮ ಮುಂದೆ ಮೂರು ದಾರಿ. ಎಲ್ಲವನ್ನೂ ಹೆಸರಿಟ್ಟು ಬರೆಯುವುದು ಒಂದು. ಚರಿತ್ರೆಗೆ ಇದೇ ಒಳ್ಳೆಯದು, ಆದರೆ ಮನೆಯಲ್ಲಿ ಮದುವೆಗೆ ಬಂದ ಹುಡುಗಿಯರಿದ್ದರೆ ಹೊರೆ ಹೊರುವವರು ನೀವಲ್ಲ, ಅವರು. ಎರಡನೆಯದು, ರಂಗದ ಬದುಕನ್ನು ಪೂರ್ತಿ ಬರೆದು, ಮೂಲದ ಅಧ್ಯಾಯವನ್ನು ಬೇರೆ ಬರೆದು ಇಂತಿಷ್ಟು ವರ್ಷ ತೆರೆಯಬಾರದೆಂದು ಸಹಿ ಹಾಕಿ ಮನೆಯಲ್ಲೋ ಗ್ರಂಥಾಲಯದಲ್ಲೋ ಇಡುವುದು. ನಾನು ಸಾಮಾನ್ಯವಾಗಿ ಹೇಳುವುದು ಇದನ್ನೇ. ಇದರ ಅಪಾಯ, ಆ ಕವರು ಕಳೆದುಹೋಗುತ್ತದೆ. ಆದ್ದರಿಂದ ಎರಡು ಪ್ರತಿ ಎರಡು ಮನೆಯಲ್ಲಿರಲಿ. ಮೂರನೆಯದು, ಮಾವ ಹೇಳಿದಂತೆ ಬಿಟ್ಟುಬಿಡುವುದು. ಬಿಟ್ಟರೆ ಬಿಡಿ, ಆದರೆ ಖಾಲಿ ಜಾಗಕ್ಕೆ ಇಲ್ಲದ ಜಹಗೀರುದಾರ ಅಜ್ಜನನ್ನು ತಂದು ಕೂರಿಸಬೇಡಿ. ಮುಂದಿನವರು ಅದನ್ನೇ ಸಾಕ್ಷಿ ಎಂದು ಉದ್ಧರಿಸುತ್ತಾರೆ. ಮೂರರಲ್ಲಿ ಯಾವುದೆಂದು ಹೇಳಬೇಕಾದವರು ಅಜ್ಜಿ. ಮಾವನಿಗಿಂತ ಮೊದಲು ಅವರನ್ನು ಕೇಳಿ, ಒಬ್ಬರೇ ಇದ್ದಾಗ ಕೇಳಿ.

ಪ್ಲೇಟುಗಳು 78 ಸುತ್ತಿನ ಅರಗಿನವು ಎಂದುಕೊಳ್ಳುತ್ತೇನೆ. ಸ್ಪಿರಿಟ್, ಸ್ಯಾನಿಟೈಸರ್ ಮುಟ್ಟಿಸಲೇಬೇಡಿ, ಅರಗು ಅದರಲ್ಲಿ ಕರಗುತ್ತದೆ. ಡಿಸ್ಟಿಲ್ಡ್ ವಾಟರಿಗೆ ಒಂದೆರಡು ಹನಿ ಸೌಮ್ಯ ಸೋಪು ಹಾಕಿ, ಮೆತ್ತನೆ ಬಟ್ಟೆಯಲ್ಲಿ ಗೆರೆಯ ಗುಂಟ ಒರೆಸಿ. ನಡುವಿನ ಲೇಬಲ್ ಒದ್ದೆಯಾಗಬಾರದು. ಮಲಗಿಸಿ ಪೇರಿಸಬೇಡಿ, ನಿಲ್ಲಿಸಿ ಇಡಿ. ಹಳೆಯ ಗ್ರಾಮಫೋನಿನಲ್ಲಿ ಹಾಕಿ ಕೇಳುವ ಆಸೆ ತಡೆದುಕೊಳ್ಳಿ, ಆ ಉಕ್ಕಿನ ಮುಳ್ಳು ಪ್ರತಿ ಸಲ ಗೆರೆ ಸವೆಸುತ್ತದೆ. ಎಲ್‌ಪಿ ಸೂಜಿಯೂ ಆಗದು. 78ರ ಗೆರೆಗೆ ಸುಮಾರು 76 ಮೈಕ್ರಾನಿನ ಸೂಜಿ ಬೇಕು, ಎಲ್‌ಪಿಯದು 18ರಿಂದ 25, ಗೆರೆಯ ತಳದಲ್ಲಿ ಉರುಳಾಡಿ ಬರೀ ಗರಗರ ಬರುತ್ತದೆ. ಲೇಬಲ್ಲಿನ ನಂಬರನ್ನೂ, ಲೇಬಲ್ಲಿನ ಸುತ್ತ ನುಣುಪು ಜಾಗದಲ್ಲಿ ಕೊರೆದ ನಂಬರನ್ನೂ ಬರೆದುಕೊಳ್ಳಿ. ಎರಡನೆಯದೇ ರೆಕಾರ್ಡಿಂಗಿನ ಗುರುತು, ಕಾಲ ನಿರ್ಣಯಕ್ಕೆ ಬೇಕಾಗುವುದು ಅದು. ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ, ಹಾಗಾಗಿ ಐವತ್ತರ ದಶಕದ ಪ್ಲೇಟಿನ ಅವಧಿ ಮುಗಿದಿದೆ. ಆದರೆ ಹಾಡು ಬರೆದವರ ಹಕ್ಕು ಅವರು ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ. ಪೂರ್ತಿ ಹಾಡು ಅಚ್ಚು ಹಾಕುವ ಮುಂಚೆ ಕವಿ ಯಾರೆಂದು ನೋಡಿ.

ಗಾಜಿಗೆ ಅಂಟಿದ ಫೋಟೋವನ್ನು ಕೀಳಬೇಡಿ, ನೆನೆಸಲೂ ಬೇಡಿ. ಮುಖವೇ ಗಾಜಿನ ಮೇಲೆ ಉಳಿದು ಕಾಗದ ಕೈಗೆ ಬರುತ್ತದೆ. ಚೌಕಟ್ಟು ಬಿಚ್ಚಿ, ಗಾಜಿನ ಸಮೇತ ಸ್ಕ್ಯಾನರ್ ಮೇಲೆ ಮಲಗಿಸಿ 600 ಡಿಪಿಐನಲ್ಲಿ, ಅಂಗೈಗಿಂತ ಚಿಕ್ಕದಾದರೆ 1200ರಲ್ಲಿ, ಟಿಫ್ ಫೈಲಾಗಿ ತೆಗೆಯಿರಿ. ಬೆನ್ನನ್ನೂ ತೆಗೆಯಿರಿ, ಸ್ಟುಡಿಯೋದ ಮೊಹರು ಅಲ್ಲಿರುತ್ತದೆ. ಹ್ಯಾಂಡ್‌ಬಿಲ್ಲಿಗೆ ಸೆಲ್ಲೋ ಟೇಪು, ಇಸ್ತ್ರಿ, ಮುಖ್ಯವಾಗಿ ಲ್ಯಾಮಿನೇಷನ್ ಬೇಡ. ಲ್ಯಾಮಿನೇಟ್ ಮಾಡಿಸಿದರೆ ಆ ಮೊಳೆಯ ಉಬ್ಬು ಶಾಶ್ವತವಾಗಿ ಹೋಯಿತು. ಅಂದಹಾಗೆ, ಅಜ್ಜಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾಸಾಶನ ಬರುತ್ತಿಲ್ಲವಾದರೆ ಅರ್ಜಿಗೂ ಇವೇ ಕಾಗದಗಳು ಬೇಕಾಗುತ್ತವೆ. ಪ್ರತಿ ಕೊಡಿ, ಮೂಲ ಕೊಡಬೇಡಿ.

ಇನ್ನು ಅಜ್ಜಿಯ ಮಾತು. ನಟಿಯರಿಗೆ ಇಸವಿ ನೆನಪಿರುವುದಿಲ್ಲ, ಕ್ಯಾಂಪು ನೆನಪಿರುತ್ತದೆ. "ಯಾವ ವರ್ಷ" ಎಂದರೆ ಸುಮ್ಮನೆ ಒಂದು ಹೇಳಿಬಿಡುತ್ತಾರೆ. "ಈ ಊರಿಗೆ ಬರುವ ಮುಂಚೆ ಯಾವ ಕ್ಯಾಂಪು, ಆಗ ಮಡಿಲಲ್ಲಿ ಯಾವ ಮಗು" ಎಂದು ಕೇಳಿ. ಕಂಪನಿಯ ಮಕ್ಕಳು ಹುಟ್ಟಿದ ಊರುಗಳನ್ನು ಸಾಲಾಗಿ ಬರೆದರೆ ಅದೇ ಕಂಪನಿಯ ದಾರಿ. ಒಂದು ಸಲಕ್ಕೆ ಮುಕ್ಕಾಲು ಗಂಟೆ ಸಾಕು. ಮಾತು ನಿಂತಾಗ ಹಾಡಲು ಹೇಳಿ, ಹಾಡಿನ ಹಿಂದೆ ಸಂಭಾಷಣೆ ಬರುತ್ತದೆ, ಸಂಭಾಷಣೆಯ ಹಿಂದೆ ಎದುರು ಪಾತ್ರದವರ ಹೆಸರು ಬರುತ್ತದೆ. ಹ್ಯಾಂಡ್‌ಬಿಲ್ಲನ್ನು ಮೊದಲ ದಿನವೇ ತೋರಿಸಿ "ಇದು ನೀನೇ ತಾನೇ" ಎನ್ನಬೇಡಿ, ಹೌದು ಎಂದುಬಿಟ್ಟರೆ ಆಮೇಲೆ ಬಿಡಿಸಲಾಗುವುದಿಲ್ಲ. ಮೊದಲು ಬನಶಂಕರಿಯ ಜಾತ್ರೆ ಕೇಳಿ, ತಗಡಿನ ಥೇಟರು ಹೊಂಡದ ಕಡೆಗಿತ್ತೋ ಬಾದಾಮಿ ರಸ್ತೆಯ ಕಡೆಗಿತ್ತೋ ಕೇಳಿ. ಅದು ಬಂದ ಮೇಲೆ ಕೇಳಿ: ಅಜ್ಜೀ, ನಿನಗೆ ಯಾರ ಹೆಸರು ಇಟ್ಟರು, ಆ ಹೆಸರಿನವರು ಮನೆಯಲ್ಲಿ ಇನ್ನೂ ಯಾರಿದ್ದರು?